ಎಡಗಾಲಿಗೆ ಬೀಳದ ಪೆಟ್ಟು

1983ರ ಆಗಸ್ಟ್ 15. ಸಾಗರದ ಕಡೆಯ ನಮ್ಮ ಹೈಸ್ಕೂಲಿನ ಮೈದಾನ. ಹಿಂದಿನ ರಾತ್ರಿಯೆಲ್ಲ ಮಳೆ ಹೊಯ್ದು ಬೆಳಿಗ್ಗೆ ಹೇಗೋ ಹೊಳವಾಗಿತ್ತು. ನಾನಾಗ ಒಂಬತ್ತನೇ ಕ್ಲಾಸು, ಬ್ಯಾಂಡ್ ಸೆಟ್ಟಿನಲ್ಲಿ ಸೈಡ್ ಡ್ರಮ್ಮು ಬಾರಿಸುವವನು. ಎರಡು ತಿಂಗಳು ಕಲಿಸಿದ್ದು ಒಂದೇ ಒಂದು ಪಾಠ, ಮೈದಾನ ಸುತ್ತಿ ಮುಗಿಯುವ ತನಕ ಅದನ್ನೇ ಬಾರಿಸಬೇಕು. ಎರಡನೇ ಸುತ್ತಿನಲ್ಲಿ ಬೇಜಾರು ಬಂತೋ ಹುರುಪು ಬಂತೋ, ಎಡಗಾಲಿಗೆ ಬೀಳಬೇಕಾದ ಜೋರು ಪೆಟ್ಟನ್ನು ಅರ್ಧ ಹೆಜ್ಜೆ ಆಚೆ ತಳ್ಳಿದೆ. ಕಿವಿಗೆ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಇನ್ನೊಮ್ಮೆ ತಳ್ಳಿದೆ. ಹಿಂದೆ ಬರುತ್ತಿದ್ದ ಎಂಟನೇ ಕ್ಲಾಸಿನ ಹುಡುಗರ ಸಾಲು ಅಲ್ಲೇ ಕೆಟ್ಟಿತು. ಅರ್ಧ ಜನ ಎಡಗಾಲು, ಅರ್ಧ ಜನ ಬಲಗಾಲು, ನಡುವೆ ಇಬ್ಬರು ಕೆಸರಿನಲ್ಲಿ. ಮುಖ್ಯ ಅತಿಥಿಗಳು ಸೆಲ್ಯೂಟ್ ಹೊಡೆದ ಕೈ ಇಳಿಸುವುದೋ ಬೇಡವೋ ಅಂತ ನಿಂತಿದ್ದರು. ಮಾರನೇ ದಿನ ನನ್ನ ಡ್ರಮ್ಮು ಇನ್ನೊಬ್ಬನ ಹೆಗಲಿಗೆ ಹೋಯಿತು. 'ತಾಳ ಗೊತ್ತಿಲ್ಲದವನು' ಅನ್ನುವ ಹೆಸರು ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನ ಜೊತೆಗೇ ಇತ್ತು.

ಮುಂದೆ ಬಿ.ಕಾಂ., ಬ್ಯಾಂಕಿನ ಪರೀಕ್ಷೆ, ಮುಂಬೈ. ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಮಗಳು ಕಾಲೇಜಿನಲ್ಲಿದ್ದಾಗ ಡ್ರಮ್ಸ್ ಕಲಿಯುತ್ತೇನೆ ಅಂತ ಒಂದು ರಬ್ಬರ್ ಪ್ಯಾಡು, ಒಂದು ಜೊತೆ ಕೋಲು ತಂದಿದ್ದಳು. ಕೆಲಸ ಸಿಕ್ಕಿ ಊರು ಬಿಟ್ಟಾಗ ಎರಡನ್ನೂ ಇಲ್ಲೇ ಬಿಟ್ಟು ಹೋದಳು. ಒಂದು ಭಾನುವಾರ ಅದನ್ನು ಅಟ್ಟಕ್ಕೆ ಹಾಕಲು ಹೋದವನು ಹಾಕದೆ ಉಳಿದೆ. ಈಗ ಮಲಾಡಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಗೋವಾದ ಮಾಸ್ತರರ ಹತ್ತಿರ ವಾರಕ್ಕೊಂದು ಪಾಠ. ಮನೆಯಾಕೆಯ ತಕರಾರು ಒಂದೇ: "ನಿಮ್ಮ ಟಕಟಕದ ನಡುವೆ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತಾನೇ ಲೆಕ್ಕ ಸಿಗಲ್ಲ."

ಸರ್ ಮೊದಲು ಕಲಿಸಿದ್ದು ರೂಡಿಮೆಂಟ್. ನಮ್ಮ ಸರಳೆವರಸೆ, ಜಂಟಿವರಸೆ ಇದ್ದ ಹಾಗೆ ಅಂದುಕೊಳ್ಳಿ, ಎರಡು ಕೈಗೆ ಎರಡು ಕೋಲಿನ ಮೂಲಪಾಠ. ಆಮೇಲೆ ಟೆಡ್ ರೀಡ್ ಅನ್ನುವವನು ಬರೆದ ತೆಳ್ಳಗಿನ ಪುಸ್ತಕವೊಂದನ್ನು ಕೈಗಿಟ್ಟರು. 1958ರದು. ಹೆಸರು ಉದ್ದಕ್ಕಿದೆ, ಡ್ರಮ್ಮರುಗಳೆಲ್ಲ 'ಸಿಂಕೊಪೇಷನ್' ಅಂತಲೇ ಕರೆಯುತ್ತಾರೆ. ಪೆಟ್ಟು ಬೀಳಬೇಕಾದ ಜಾಗ ಬಿಟ್ಟು ಎರಡು ಎಣಿಕೆಯ ನಡುವೆ ಬೀಳುವುದಕ್ಕೆ ಸಿಂಕೊಪೇಷನ್ ಅನ್ನುತ್ತಾರೆ. ಮೊದಲನೇ ಪುಟ ತಿರುಗಿಸುವಾಗಲೇ ನನಗೆ ಆ ಮೈದಾನ ನೆನಪಾಯಿತು. ನಾನು ಮಾಡಿದ ತಪ್ಪನ್ನೇ ಇಲ್ಲೊಬ್ಬ ಪುಟಗಟ್ಟಲೆ ಪಾಠ ಮಾಡಿ ಅಚ್ಚು ಹಾಕಿಸಿದ್ದಾನೆ!

ಒಂದು ಕಡೆ ಎಡಗಾಲು ತಪ್ಪದಂತೆ ಕಾಯುವ ರೂಡಿಮೆಂಟು, ಇನ್ನೊಂದು ಕಡೆ ಎಡಗಾಲನ್ನು ಬೇಕೆಂದೇ ತಪ್ಪಿಸುವ ಸಿಂಕೊಪೇಷನ್ನು. ಎರಡನ್ನೂ ಒಂದೇ ಪ್ಯಾಡಿನ ಮೇಲೆ, ಒಂದೇ ಹೊತ್ತಿಗೆ ಅಭ್ಯಾಸ ಮಾಡು ಅಂತ ಹೇಳಿದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ಕೆಲವು ತಿಂಗಳು ಓದಿದೆ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸಂಗೀತದ ಪಂಡಿತ ನಾನಲ್ಲ, ಲೆಕ್ಕ ತಾಳೆ ನೋಡುವುದು ನನ್ನ ಕಸುಬು.

ಮೊದಲು ರೂಡಿಮೆಂಟಿನ ಕಡೆಯ ಲೆಕ್ಕ. ಇದರ ಹುಟ್ಟು ಸೈನ್ಯದಲ್ಲಿ. ಹದಿನೈದು ಹದಿನಾರನೇ ಶತಮಾನದ ಸ್ವಿಸ್ ಕಾಲಾಳುಗಳು ಉದ್ದನೆಯ ಈಟಿ ಹಿಡಿದು ಗುಂಪಾಗಿ ನುಗ್ಗುತ್ತಿದ್ದರು. ಒಬ್ಬನ ಹೆಜ್ಜೆ ತಪ್ಪಿದರೂ ಈಟಿಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಅದಕ್ಕೆ ಡ್ರಮ್ಮು ಬೇಕು. ಬಾಸೆಲ್ ಊರಿನ ಹಬ್ಬದಲ್ಲಿ ಇವತ್ತಿಗೂ ಬೆಳಗಿನ ಜಾವ 4 ಗಂಟೆಗೆ ಬೀದಿದೀಪಗಳನ್ನೆಲ್ಲ ಆರಿಸಿ ಆ ಡ್ರಮ್ಮು ಬಾರಿಸುತ್ತಾ ಹೊರಡುತ್ತಾರೆ. ಬಂದೂಕು ಬಂದ ಮೇಲಂತೂ ಹೊಗೆ, ಸದ್ದು, ಅಧಿಕಾರಿಯ ಕೂಗು ಹತ್ತು ಮಾರು ಆಚೆಗೆ ಕೇಳುವುದಿಲ್ಲ. ಡ್ರಮ್ಮೇ ಅವನ ಬಾಯಿ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಫಾನ್ ಸ್ಟಾಯ್ಬೆನ್ ಅನ್ನುವ ಪ್ರಷ್ಯಾದ ಅಧಿಕಾರಿ ವಾಷಿಂಗ್ಟನ್ನನ ಸೈನ್ಯಕ್ಕೆ ಕವಾಯತು ಕಲಿಸಿದ. 1779ರಲ್ಲಿ ಅವನು ಬರೆದ ನಿಯಮಾವಳಿಯಲ್ಲಿ ಎಲ್ಲಕ್ಕೂ ಅಳತೆ ಇದೆ. ಒಂದು ಹೆಜ್ಜೆ ಎಂದರೆ ಎರಡು ಅಡಿ. ಸಾಮಾನ್ಯ ನಡಿಗೆಗೆ ನಿಮಿಷಕ್ಕೆ ಸುಮಾರು 75 ಹೆಜ್ಜೆ, ಚುರುಕು ನಡಿಗೆಗೆ 120. ಡೇರೆ ಕೀಳಲು ಒಂದು ಪೆಟ್ಟು, ಕೂಡಿಕೊಳ್ಳಲು ಒಂದು, ಆಯುಧ ಹಿಡಿಯಲು ಒಂದು, ಶತ್ರುವಿನ ಜೊತೆ ಮಾತುಕತೆ ಬೇಕು ಅನ್ನಲೂ ಒಂದು. ರಾತ್ರಿ ಬಾರಿಸುವುದಕ್ಕೆ ಟ್ಯಾಟೂ ಅಂತ ಹೆಸರು. ಅದು ಡಚ್ಚರ ಮಾತು, ಪೀಪಾಯಿಯ ನಲ್ಲಿ ಮುಚ್ಚು ಅಂತ ಅರ್ಥ. ಹೆಂಡದಂಗಡಿಯವನಿಗೆ ಹೇಳುವುದು: ಇನ್ನು ಸುರಿಯಬೇಡ, ಸಿಪಾಯಿಗಳು ಮಲಗಲಿ. (ಮೈಮೇಲೆ ಚುಚ್ಚಿಸಿಕೊಳ್ಳುವ ಟ್ಯಾಟೂ ಬೇರೆ, ಅದು ಪಾಲಿನೇಷ್ಯದ ಕಡೆಯಿಂದ ಬಂದದ್ದು.)

ಡ್ರಮ್ಮರನ ಕೆಲಸ ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ತಪ್ಪು ಮಾಡಿದ ಸಿಪಾಯಿಗೆ ಚಾವಟಿಯಲ್ಲಿ ಹೊಡೆಯುತ್ತಿದ್ದವರೂ ಡ್ರಮ್ಮರುಗಳೇ. ಈ ವಿಷಯ ಓದಿದಾಗ ನಮ್ಮ ಡ್ರಿಲ್ ಮೇಷ್ಟ್ರು ನೆನಪಾಗಿ ನಗು ಬಂತು, ಆಮೇಲೆ ಅಷ್ಟು ನಗು ಬರಲಿಲ್ಲ.

ಈ ಪೆಟ್ಟುಗಳನ್ನು ಹುಡುಗರಿಗೆ ಕಲಿಸಬೇಕಲ್ಲ. ಹತ್ತು ಡ್ರಮ್ಮು ಸೇರಿದರೂ ಒಂದೇ ಡ್ರಮ್ಮಿನ ಹಾಗೆ ಕೇಳಬೇಕು, ಯಾವ ಪೆಟ್ಟು ಯಾವ ಕೈಯಲ್ಲಿ ಅನ್ನುವುದು ಕೂಡ ಒಂದೇ ಇರಬೇಕು. ಹಾಗಾಗಿ ಉದ್ದನೆಯ ಪೆಟ್ಟುಗಳನ್ನು ತುಂಡು ಮಾಡಿ, ತುಂಡಿಗೊಂದು ಹೆಸರಿಟ್ಟರು. ಇಂಥ ತುಂಡುಗಳಿಗೆ ರೂಡಿಮೆಂಟ್ ಅನ್ನುವ ಹೆಸರು ಬಂದದ್ದು ಚಾರ್ಲ್ಸ್ ಸ್ಟೂವರ್ಟ್ ಆಶ್‌ವರ್ತ್ ಎಂಬಾತ 1812ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದ ಪುಸ್ತಕದಿಂದ ಅನ್ನುತ್ತಾರೆ. ಬಾಸ್ಟನ್ ಅನ್ನುವ ಊರಿನ ಹೆಸರು ನೆನಪಿಟ್ಟುಕೊಂಡಿರಿ. ಮುಂದೆ ಮತ್ತೆ ಮತ್ತೆ ಬರುತ್ತದೆ.

ತುಂಡುಗಳ ಹೆಸರುಗಳೇ ಒಂದು ಮಜಾ. ಫ್ಲ್ಯಾಮ್, ಪ್ಯಾರಡಿಡಲ್, ರಾಟಮಕ್ಯೂ. ಅರ್ಥ ಹುಡುಕಬೇಡಿ, ಕೋಲು ಹೇಗೆ ಸದ್ದು ಮಾಡುತ್ತದೋ ಅದೇ ಹೆಸರು. ನಮ್ಮಲ್ಲಿ ತಕಿಟ, ತಕಧಿಮಿ ಅಂತ ಬಾಯಲ್ಲಿ ಹೇಳಿ ಆಮೇಲೆ ಕೈಗೆ ತರುವುದಿಲ್ಲವೇ, ಹಾಗೆ. ಒಂದೊಂದು ಕೈಗೆ ಎರಡೆರಡು ಪೆಟ್ಟು ಬರುವ ಉದ್ದನೆಯ ಉರುಳಿಗೆ ಹಳೆಯ ಮಾಸ್ತರುಗಳು 'ಡ್ಯಾಡಿ-ಮ್ಯಾಮಿ' ಅಂತ ಹೇಳಿಕೊಡುತ್ತಿದ್ದರಂತೆ. ಕಲಿಯುತ್ತಿದ್ದವರು ಅಪ್ಪ ಅಮ್ಮನನ್ನು ಕರೆಯುವ ವಯಸ್ಸಿನ ಹುಡುಗರೇ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರಾದ ಜಾನಿ ಕ್ಲೆಮ್ ಹುಟ್ಟಿದ್ದು 1851ರಲ್ಲಿ. 1863ರಲ್ಲಿ ಚಿಕಮಾಗಾ ಕಾಳಗದಲ್ಲಿ ಅವನಿಗೆ ಹನ್ನೆರಡು ವರ್ಷ.

ಆ ಯುದ್ಧ ಮುಗಿದ ಮೇಲೆ, 1870ರಲ್ಲಿ, ಗಾರ್ಡಿನರ್ ಸ್ಟ್ರೂಬ್ ಎಂಬ ಡ್ರಮ್ಮರನ ಪುಸ್ತಕ ಬಂತು. ಸೈನ್ಯ ಒಪ್ಪಿದ ಪುಸ್ತಕ. 25 ಪಾಠಗಳು. ಅದರ ಕೊನೆಯ ಪಾಠಕ್ಕೆ ಬೇರೆ ಹೆಸರೇ ಬರಲಿಲ್ಲ, ಇವತ್ತಿಗೂ ಆ ರೂಡಿಮೆಂಟಿನ ಹೆಸರು 'ಲೆಸನ್ 25'. ಬ್ಯಾಂಕಿನಲ್ಲಿ ಕೆಲವು ಅರ್ಜಿಗಳಿಗೆ ಫಾರಂ ನಂಬರೇ ಹೆಸರಾಗಿಬಿಡುತ್ತದಲ್ಲ, ಹಾಗಾಯಿತು. ತಮಾಷೆ ಏನೆಂದರೆ, ಪಾಠ ಇಷ್ಟು ಅಚ್ಚುಕಟ್ಟಾದ ಹೊತ್ತಿಗೆ ಯುದ್ಧಭೂಮಿಯಲ್ಲಿ ಡ್ರಮ್ಮಿನ ಕೆಲಸ ಮುಗಿಯುತ್ತಾ ಬಂದಿತ್ತು. ದೂರ ಹೊಡೆಯುವ ಬಂದೂಕು ಬಂತು, ಸಾಲು ಕಟ್ಟಿ ನಡೆಯುವುದು ನಿಂತಿತು, ಸಂಕೇತಕ್ಕೆ ಬ್ಯೂಗಲ್ ಸಾಕಾಯಿತು. ಕೆಲಸ ಹೋದ ಮೇಲೆ ಉಳಿದದ್ದು ಮೆರವಣಿಗೆ, ಶಾಲೆಯ ಮೈದಾನ.

ಇನ್ನು ಸಿಂಕೊಪೇಷನ್ನಿನ ಕಡೆಯ ಲೆಕ್ಕ. ಅದಕ್ಕೆ ಅದೇ ದೇಶದ ದಕ್ಷಿಣಕ್ಕೆ, ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದ ಕಾಲಕ್ಕೆ ಹೋಗಬೇಕು.

1739ರ ಸೆಪ್ಟೆಂಬರ್ 9, ಭಾನುವಾರ. ಸೌತ್ ಕ್ಯಾರೊಲೈನಾದ ಸ್ಟೋನೊ ನದಿಯ ಹತ್ತಿರ ಆಫ್ರಿಕದಿಂದ ತಂದ ಸುಮಾರು ಇಪ್ಪತ್ತು ಗುಲಾಮರು ಒಂದು ಅಂಗಡಿಗೆ ನುಗ್ಗಿ ಬಂದೂಕು ತೆಗೆದುಕೊಂಡರು. ಸ್ಪೇನಿನವರ ಕೈಯಲ್ಲಿದ್ದ ಫ್ಲಾರಿಡಾದ ಕಡೆ ಹೊರಟರು. ಕಳ್ಳರ ಹಾಗೆ ಅಡಗಿ ಹೋಗಲಿಲ್ಲ. ಬಾವುಟ ಹಿಡಿದು, ಡ್ರಮ್ಮು ಬಾರಿಸುತ್ತಾ, ದಾರಿಯಲ್ಲಿ ಸಿಕ್ಕವರನ್ನು ಸೇರಿಸಿಕೊಳ್ಳುತ್ತಾ, ಸೈನ್ಯದ ಹಾಗೆ ನಡೆದರು. ಅವರಲ್ಲಿ ಹಲವರು ಕಾಂಗೊ ಸೀಮೆಯಲ್ಲಿ ಸೈನಿಕರಾಗಿದ್ದವರು ಎನ್ನುವ ಇತಿಹಾಸಕಾರರಿದ್ದಾರೆ. ಎರಡೂ ಕಡೆಯವರು ಸತ್ತರು. ಸಂಜೆಯೊಳಗೆ ದಂಗೆ ಮುರಿಯಿತು.

ಮಾರನೇ ವರ್ಷ, 1740ರಲ್ಲಿ, ಆ ವಸಾಹತಿನ ಸಭೆ ಗುಲಾಮರ ಮೇಲೆ ಹೊಸ ಕಾನೂನು ತಂದಿತು. ಗುಂಪು ಕೂಡುವಂತಿಲ್ಲ, ಬರೆಯುವುದು ಕಲಿಯುವಂತಿಲ್ಲ, ಆಯುಧ ಇಟ್ಟುಕೊಳ್ಳುವಂತಿಲ್ಲ. ಅದರ ಜೊತೆಗೆ ಡ್ರಮ್ಮು, ಕೊಂಬು ಇಟ್ಟುಕೊಳ್ಳುವಂತಿಲ್ಲ, ಬಾರಿಸುವಂತಿಲ್ಲ. ಬಂದೂಕಿನ ಸಾಲಿನಲ್ಲೇ ಡ್ರಮ್ಮೂ ಕೂತಿತು. ಒಂದು ವಾದ್ಯಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿದ್ದನ್ನು ನಾನು ಓದಿಲ್ಲ.

ಡ್ರಮ್ಮು ಕಿತ್ತುಕೊಂಡರೆ ಜನ ಏನು ಮಾಡುತ್ತಾರೆ? ತೊಡೆ, ಎದೆ, ಭುಜ, ಅಂಗೈ ಇತ್ತಲ್ಲ. ಕಾಲು ಒಂದೇ ಸಮನೆ ನೆಲ ತಟ್ಟುತ್ತಿರುತ್ತದೆ, ಕೈಗಳು ಅದರ ನಡುವೆ ನಡುವೆ ಮೈಮೇಲೆ ತಟ್ಟುತ್ತವೆ. 'ಪ್ಯಾಟಿಂಗ್ ಜೂಬಾ' ಅಂತ ಅದರ ಹೆಸರು. ಆಫ್ರಿಕದಿಂದ ಬಂದ ಲಯದ ಬುದ್ಧಿ ವಾದ್ಯವಿಲ್ಲದೆಯೂ ಬದುಕಿಕೊಂಡಿತು. ಡ್ರಮ್ಮು ಎಲ್ಲರ ಕಣ್ಣೆದುರೇ ಉಳಿದ ಒಂದು ಜಾಗ ಎಂದರೆ ನ್ಯೂ ಆರ್ಲಿಯನ್ಸ್. 1817ರಲ್ಲಿ ಅಲ್ಲಿನ ನಗರಾಡಳಿತ ಗುಲಾಮರು ಭಾನುವಾರ ಒಂದು ಗೊತ್ತಾದ ಜಾಗದಲ್ಲಿ ಮಾತ್ರ ಕುಣಿಯಬಹುದು ಅಂತ ಮಾಡಿತು. ಮುಂದೆ ಕಾಂಗೊ ಸ್ಕ್ವೇರ್ ಅಂತ ಹೆಸರಾದ ಮೈದಾನ ಅದು. 1819ರಲ್ಲಿ ಬೆಂಜಮಿನ್ ಲಟ್ರೋಬ್ ಎಂಬ ವಾಸ್ತುಶಿಲ್ಪಿ ಅಲ್ಲಿ ಹಾಯ್ದು ಹೋಗುವಾಗ ಸದ್ದು ಕೇಳಿ ನಿಂತು ನೋಡಿದ, ಡ್ರಮ್ಮುಗಳ ಚಿತ್ರ ಬರೆದಿಟ್ಟ. ಅವನಿಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ. ಇಷ್ಟವಾಗದವನೇ ಅಷ್ಟು ವಿವರವಾಗಿ ಬರೆದ, ನಮಗೆ ಉಪಕಾರವಾಯಿತು.

ಕ್ಯೂಬಾ, ನ್ಯೂ ಆರ್ಲಿಯನ್ಸ್ ಕಡೆಯ ಸಂಗೀತದಲ್ಲಿ ಎಲ್ಲಿ ಕಿವಿಯಿಟ್ಟರೂ ಸಿಗುವ ಒಂದು ಲಯವಿದೆ. ಸ್ಪ್ಯಾನಿಷ್ ಮಾತಿನಲ್ಲಿ ಟ್ರೆಸಿಯೊ ಅನ್ನುತ್ತಾರೆ. ನೀವು ಕೂತಲ್ಲೇ ಮಾಡಬಹುದು. ಒಂದರಿಂದ ಎಂಟರವರೆಗೆ ಒಂದೇ ಸಮನೆ ಎಣಿಸಿ. 1, 3, 5, 7ಕ್ಕೆ ಕಾಲು ತಟ್ಟಿ. 1, 4, 7ಕ್ಕೆ ಚಪ್ಪಾಳೆ ಹೊಡೆಯಿರಿ. ನಡುವಿನ ಚಪ್ಪಾಳೆ ಎರಡು ಹೆಜ್ಜೆಯ ಮಧ್ಯೆ ಬೀಳುತ್ತದೆ. ಬಾಯಲ್ಲಿ ಹೇಳುವುದಾದರೆ ತಕಿಟ ತಕಿಟ ತಕ. ಮೂರು ಮೂರು ಎರಡು, ಒಟ್ಟು ಎಂಟು. ಮೃದಂಗದ ಕಛೇರಿ ಕೇಳಿದವರಿಗೆ ಇದು ಹೊಸದೇನಲ್ಲ. ಸಮ ಬಿಟ್ಟು ಅರ್ಧ ಎಣಿಕೆ ಆದ ಮೇಲೆ ಎತ್ತಿಕೊಳ್ಳುವ ಕೃತಿಗಳು ನಮ್ಮಲ್ಲಿ ಎಷ್ಟಿಲ್ಲ! ಯಾರೂ ಅದನ್ನು ತಾಳ ತಪ್ಪಿತು ಅನ್ನುವುದಿಲ್ಲ. ತಾಳ ಗಟ್ಟಿಯಿದ್ದರೆ ಮಾತ್ರ ಆ ಅರ್ಧ ಎಣಿಕೆಗೆ ರುಚಿ. ಇದನ್ನು 1983ರಲ್ಲಿ ಯಾರಾದರೂ ನನ್ನ ಪರವಾಗಿ ಹೇಳಬೇಕಿತ್ತು.

ಗುಲಾಮಗಿರಿ 1865ರಲ್ಲಿ ಕೊನೆಯಾಯಿತು. ಕರಿಯರ ಬ್ಯಾಂಡುಗಳು ಮೆರವಣಿಗೆಗೆ, ಶವಯಾತ್ರೆಗೆ ಮಾರ್ಚ್ ಬಾರಿಸತೊಡಗಿದವು. 1899ರಲ್ಲಿ ಸ್ಕಾಟ್ ಜಾಪ್ಲಿನ್ ಎಂಬ ಕರಿಯ ಸಂಗೀತಗಾರನ 'ಮೇಪಲ್ ಲೀಫ್ ರ‍್ಯಾಗ್' ಅಚ್ಚಾಯಿತು. ಅದರಲ್ಲಿ ಪಿಯಾನೋದ ಎಡಗೈ ಮಾರ್ಚಿನ ಹಾಗೆ ಒಂದೇ ಸಮನೆ ನಡೆಯುತ್ತದೆ, ಬಲಗೈ ಅದರ ನಡುವೆ ಜಾರುತ್ತದೆ. ಎರಡು ಲೆಕ್ಕ ಒಂದೇ ಪುಸ್ತಕಕ್ಕೆ ಬರಲು ಶುರುವಾಯಿತು. ಆದರೆ ಸೈನ್ಯದ ಡ್ರಮ್ಮೂ ಈ ಜಾರುಲಯವೂ ನಿಜವಾಗಿ ಎದುರುಬದುರಾದದ್ದು ಮೊದಲ ಮಹಾಯುದ್ಧದಲ್ಲಿ, ಒಂದು ರೆಜಿಮೆಂಟಿನ ಬ್ಯಾಂಡಿನಲ್ಲಿ.

ಅದು ನ್ಯೂಯಾರ್ಕಿನ ಕರಿಯರ ರೆಜಿಮೆಂಟು, 369ನೇದು. 'ಹಾರ್ಲೆಮ್ ಹೆಲ್‌ಫೈಟರ್ಸ್' ಅಂತ ಪ್ರಸಿದ್ಧಿ. ಬ್ಯಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜೇಮ್ಸ್ ರೀಸ್ ಯೂರೋಪ್. ಹೆಸರೇ ಯೂರೋಪ್, ಊರು ಅಮೆರಿಕ. ಯುದ್ಧಕ್ಕೆ ಮೊದಲೇ ನ್ಯೂಯಾರ್ಕಿನಲ್ಲಿ ದೊಡ್ಡ ಸಂಗೀತ ನಿರ್ದೇಶಕ. ಬ್ಯಾಂಡ್ ಕಟ್ಟಲು ವಾದಕರು ಸಾಲದೆ 1917ರಲ್ಲಿ ಪೋರ್ಟೊ ರಿಕೊ ದ್ವೀಪಕ್ಕೇ ಹೋಗಿ ಜನ ಕರೆತಂದ. ಡ್ರಮ್ಮಿಗೆ ಇಬ್ಬರು: ಹರ್ಬರ್ಟ್ ರೈಟ್, ಸ್ಟೀವನ್ ರೈಟ್. ಅಣ್ಣತಮ್ಮಂದಿರಲ್ಲ, ಆದರೂ 'ಡ್ರಮ್ಮಿನ ಅವಳಿ' ಅಂತಲೇ ಅವರ ಪ್ರಚಾರ.

ಅಮೆರಿಕದ ಬಿಳಿಯ ಸೈನ್ಯ ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಒಪ್ಪಲಿಲ್ಲ. ಫ್ರೆಂಚರ ಕೈಕೆಳಗೆ ಬಿಟ್ಟಿತು. 191 ದಿನ ಮುಂಚೂಣಿಯಲ್ಲಿದ್ದರು. ಯೂರೋಪ್ ಬರೀ ಬ್ಯಾಂಡಿನವನಲ್ಲ, ಮಷಿನ್‌ಗನ್ ತುಕಡಿಯ ಅಧಿಕಾರಿಯಾಗಿ ಕಂದಕದಲ್ಲಿದ್ದು ವಿಷಾನಿಲ ಕುಡಿದವನು. ಬಿಡುವಿನಲ್ಲಿ ಊರೂರಿಗೆ ಹೋಗಿ ಬ್ಯಾಂಡ್ ಬಾರಿಸುತ್ತಿದ್ದರು. ಫ್ರಾನ್ಸಿನ ಹೆಸರಾಂತ ಸೈನಿಕ ಬ್ಯಾಂಡೊಂದು ಇವರ ಸ್ವರಲಿಪಿ ಇಸಿದುಕೊಂಡು ಬಾರಿಸಿ ನೋಡಿತು, ಆ ರುಚಿ ಬರಲಿಲ್ಲ. ವಾದ್ಯದಲ್ಲೇ ಏನೋ ಮಸಲತ್ತು ಇದೆ ಅಂತ ಅನುಮಾನ ಪಟ್ಟು ಇವರ ವಾದ್ಯಗಳನ್ನು ತಿರುಗಿಸಿ ನೋಡಿದರಂತೆ. ವಾದ್ಯ ಎಲ್ಲರಿಗೂ ಒಂದೇ. ಬರೆದಿದ್ದ ಲಿಪಿಯೂ ಒಂದೇ. ಒತ್ತು ಬೀಳುವ ಜಾಗ ಬೇರೆ.

1919ರಲ್ಲಿ ಒಂದು ಪತ್ರಿಕೆಗೆ ಯೂರೋಪ್ ಇದನ್ನು ವಿವರಿಸಿದ್ದಾನೆ. ಸಾಮಾನ್ಯವಾಗಿ ಒತ್ತು ಬೀಳದ ಸ್ವರಕ್ಕೆ ನಾವು ಒತ್ತು ಕೊಡುತ್ತೇವೆ, ಅದು ನಮ್ಮವರಿಗೆ ಸಹಜ ಅನ್ನುತ್ತಾನೆ. ಅದರ ಜೊತೆಗೆ ಇನ್ನೊಂದು ಮಾತು: ನನ್ನ ವಾದಕರು ನಾನು ಹೇಳಿದ್ದಕ್ಕಿಂತ ಹೆಚ್ಚು ಸೇರಿಸಿಬಿಡುತ್ತಾರೆ, ಅದನ್ನು ತಡೆಯಲು ದಿನವೂ ಅಭ್ಯಾಸಕ್ಕೆ ಕೂರಿಸಬೇಕಾಗುತ್ತದೆ. ನಾನು ಇದನ್ನು ಓದಿ ಲೋಕಲ್ ಟ್ರೇನಿನಲ್ಲಿ ಒಬ್ಬನೇ ನಕ್ಕೆ. ಜಾರುಲಯವನ್ನು ಜಗತ್ತಿಗೆ ತೋರಿಸಿದ ಮನುಷ್ಯನೂ ಒಂದು ರೀತಿಯಲ್ಲಿ ಡ್ರಿಲ್ ಮೇಷ್ಟ್ರೇ! ಯಾಕೆ ಬೇಡ? ಎಲ್ಲರೂ ತಮಗಿಷ್ಟ ಬಂದ ಕಡೆ ಜಾರಿದರೆ ಜಾರುವುದಕ್ಕೆ ನೆಲ ಎಲ್ಲಿರುತ್ತದೆ?

1919ರ ಫೆಬ್ರವರಿ 17ರಂದು ಈ ರೆಜಿಮೆಂಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ವಿಜಯದ ಮೆರವಣಿಗೆ ಮಾಡಿತು. ಹೊರಡುವಾಗ ಕಳಿಸಿಕೊಡುವ ಮೆರವಣಿಗೆಗೆ ಇವರನ್ನು ಸೇರಿಸಿಕೊಂಡಿರಲಿಲ್ಲ. ಆಮೇಲೆ ಮಾರ್ಚ್‌ನಿಂದ ಮೇವರೆಗೆ ಬ್ಯಾಂಡು ಪಾಥೆ ಕಂಪನಿಗೆ ರೆಕಾರ್ಡುಗಳನ್ನು ಕೊಟ್ಟಿತು, ಊರೂರು ಸುತ್ತಿತು. ಮೇ 9ರ ರಾತ್ರಿ ಬಾಸ್ಟನ್ನಿನ ಮೆಕ್ಯಾನಿಕ್ಸ್ ಹಾಲಿನಲ್ಲಿ ಕಾರ್ಯಕ್ರಮ. ಬೇರೆಯವರು ಹಾಡುವಾಗ ನಡುವೆ ವೇದಿಕೆ ಮೇಲೆ ಓಡಾಡುತ್ತೀರಿ, ಇದು ಸರಿಯಲ್ಲ ಅಂತ ಯೂರೋಪ್ ಡ್ರಮ್ಮರುಗಳನ್ನು ಗದರಿದ. ಹರ್ಬರ್ಟ್ ರೈಟ್ ಸಿಟ್ಟಾದ. ಎಲ್ಲ ತಪ್ಪೂ ತನ್ನ ಮೇಲೇ ಬರುತ್ತದೆ ಅನ್ನುವುದು ಅವನ ದೂರು. ಮಾತಿಗೆ ಮಾತು ಬೆಳೆದು ಚಿಕ್ಕ ಚಾಕುವಿನಿಂದ ಕುತ್ತಿಗೆಗೆ ಇರಿದ. ಗಾಯ ಸಣ್ಣದು ಅಂದುಕೊಂಡರು. ಕಾರ್ಯಕ್ರಮ ಮುಂದುವರಿಸಲು ಹೇಳಿ ಯೂರೋಪ್ ಆಸ್ಪತ್ರೆಗೆ ಹೋದ, ಅಲ್ಲೇ ತೀರಿಕೊಂಡ. ಮೂವತ್ತೊಂಬತ್ತು ವರ್ಷ. ಕಂದಕದಲ್ಲಿ ವಿಷಾನಿಲ ಕುಡಿದು ಬದುಕಿದವನು, ತನ್ನ ಡ್ರಮ್ಮರನ ಕೈಯಲ್ಲಿ ಹೋದ.

ನಾನು ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ರೈಟ್‌ಗೆ ಹತ್ತರಿಂದ ಹದಿನೈದು ವರ್ಷದ ಶಿಕ್ಷೆಯಾಯಿತು, 1927ರಲ್ಲಿ ಬಿಡುಗಡೆಯಾದ. ಬಾಸ್ಟನ್ನಿನ ರಾಕ್ಸ್‌ಬರಿಯಲ್ಲೇ ಉಳಿದುಕೊಂಡ. ಕೆಲವು ವರ್ಷಗಳಾದ ಮೇಲೆ ಅದೇ ಬೀದಿಯ ಒಬ್ಬ ಹುಡುಗನಿಗೆ ಡ್ರಮ್ಮಿನ ಮೊದಲ ಪಾಠ ಹೇಳಿಕೊಟ್ಟ. ಹುಡುಗನ ಹೆಸರು ರಾಯ್ ಹೇನ್ಸ್, 1925ರಲ್ಲಿ ಹುಟ್ಟಿದವನು. ಮುಂದೆ ಚಾರ್ಲಿ ಪಾರ್ಕರ್, ಕೋಲ್ಟ್ರೇನ್ ಜೊತೆಗೆಲ್ಲ ಬಾರಿಸಿದ, ಜಾಜ್ ಡ್ರಮ್ಮಿನಲ್ಲಿ ಪೆಟ್ಟಿನ ಜಾಗವನ್ನೇ ಬದಲಿಸಿದ ದೊಡ್ಡವರಲ್ಲಿ ಒಬ್ಬ. 2024ರ ನವೆಂಬರಿನಲ್ಲಿ, 99 ತುಂಬಿದ ಮೇಲೆ, ತೀರಿಕೊಂಡ. ಕೊಂದ ಕೈಯೇ ಕಲಿಸಿತು. ಇದನ್ನು ಏನೆಂದು ತೂಗುವುದು, ನನ್ನ ತಕ್ಕಡಿಗೆ ಸಿಗುವ ವಿಷಯವಲ್ಲ.

ಇತ್ತ ರೂಡಿಮೆಂಟಿನವರು ಏನು ಮಾಡುತ್ತಿದ್ದರು? 1933ರಲ್ಲಿ ಶಿಕಾಗೊದಲ್ಲಿ ನಿವೃತ್ತ ಸೈನಿಕರ ಸಮ್ಮೇಳನ ನಡೆದಾಗ 13 ಡ್ರಮ್ಮರುಗಳು ಸೇರಿ ಒಂದು ಸಂಘ ಕಟ್ಟಿದರು. ಸ್ಟ್ರೂಬನ 25ಕ್ಕೆ ಒಂದು ಸೇರಿಸಿ 26 ಮಾಡಿ, ಅದರಲ್ಲಿ 13 ಅತ್ಯಗತ್ಯ ಅಂತ ಆರಿಸಿದರು. ಆ 13ನ್ನೂ ನಿಧಾನಕ್ಕೆ ಶುರು ಮಾಡಿ, ವೇಗಕ್ಕೆ ಏರಿಸಿ, ಮತ್ತೆ ನಿಧಾನಕ್ಕೆ ಇಳಿಸಿ ತೋರಿಸಿದರೆ ಮಾತ್ರ ಸದಸ್ಯತ್ವ. ಮುಂದಾಳು ವಿಲಿಯಂ ಲಡ್ವಿಗ್, ಡ್ರಮ್ಮು ತಯಾರಿಸಿ ಮಾರುವವನು. ಇದೇ ಲಡ್ವಿಗ್ 1909ರಲ್ಲಿ ಕಾಲಿನಿಂದ ದೊಡ್ಡ ಡ್ರಮ್ಮು ಬಾರಿಸುವ ಪೆಡಲ್ ಮಾಡಿದ್ದ. ಇಬ್ಬರು ನಿಂತು ಬಾರಿಸುತ್ತಿದ್ದದ್ದನ್ನು ಒಬ್ಬನೇ ಕೂತು ಬಾರಿಸುವಂತಾಯಿತು, ಡ್ರಮ್ ಸೆಟ್ ಹುಟ್ಟಿತು, ಜಾಜ್‌ಗೆ ಅನುಕೂಲವಾಯಿತು. ಅಂಥವನೇ ಮುಂದೆ ನಿಂತು ಮಾಡಿದ ಪಟ್ಟಿ ನೋಡಿ: ಜಾಜ್ ರೆಕಾರ್ಡುಗಳು ಬಂದು ಹದಿನಾರು ವರ್ಷವಾಗಿತ್ತು, ಶಿಕಾಗೊ ಊರೇ ಜಾಜ್‌ನ ಗೂಡು, ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಎಲ್ಲವೂ 1870ರ ಮೈದಾನ. ಆ 13 ಜನರ ಮೇಲೆ ನನಗೆ ಸಿಟ್ಟಿಲ್ಲ, ಮುಳುಗುತ್ತಿದ್ದದ್ದನ್ನು ದಡಕ್ಕೆ ಎಳೆದರು. ಆದರೆ ಪಕ್ಕದ ಬೀದಿಯಲ್ಲಿ ಏನು ಕೇಳುತ್ತಿದೆ ಅನ್ನುವುದಕ್ಕೆ ಕಿಟಕಿ ತೆಗೆಯಲಿಲ್ಲ. ಈಗಿನ 40 ರೂಡಿಮೆಂಟಿನ ಅಂತರರಾಷ್ಟ್ರೀಯ ಪಟ್ಟಿ ಬಂದದ್ದು 1984ರಲ್ಲಿ.

ಆ 13 ಜನರಲ್ಲಿ ಒಬ್ಬ ಬಾಸ್ಟನ್ನಿನ ಜಾರ್ಜ್ ಲಾರೆನ್ಸ್ ಸ್ಟೋನ್. 1935ರಲ್ಲಿ ಅವನು 'ಸ್ಟಿಕ್ ಕಂಟ್ರೋಲ್' ಅನ್ನುವ ಪುಸ್ತಕ ತಂದ. ಬಲ ಎಡ, ಬಲ ಬಲ ಎಡ ಎಡ ಅಂತ ಕೈಗಳ ಜೋಡಣೆ ಬಿಟ್ಟರೆ ಬೇರೇನಿಲ್ಲ, ಒಂದೊಂದನ್ನೂ 20 ಸಲ ಬಾರಿಸಬೇಕು. ನನ್ನಂಥ ಲೆಡ್ಜರ್ ಮನುಷ್ಯನಿಗೆ ಬಹಳ ಹಿಡಿಸಿತು. ಸ್ಟೋನನ ಹತ್ತಿರ ಕಲಿಯುತ್ತಿದ್ದ ಜೋ ಮೊರೆಲ್ಲೊ ಎಂಬ ಶಿಷ್ಯ ಆ ಸಪಾಟಾದ ಸಾಲುಗಳಲ್ಲಿ ತನಗೆ ಬೇಕಾದ ಕಡೆ ಒತ್ತು ಸೇರಿಸಿ ಬಾರಿಸತೊಡಗಿದ. ಮೇಷ್ಟ್ರು ಏನು ಮಾಡಬೇಕಿತ್ತು? ಸ್ಟೋನ್ ಬಯ್ಯಲಿಲ್ಲ. ಆ ಒತ್ತುಗಳನ್ನೇ ಇಟ್ಟುಕೊಂಡು ಇನ್ನೊಂದು ಪುಸ್ತಕ ಬರೆದ, 1961ರಲ್ಲಿ, ಅದನ್ನು ಶಿಷ್ಯನಿಗೇ ಅರ್ಪಿಸಿದ. ಈ ಸಾಲು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದೇ ಮೊರೆಲ್ಲೊ ಡೇವ್ ಬ್ರೂಬೆಕ್ ತಂಡದ ಜೊತೆ 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಭಾರತಕ್ಕೆ ಬಂದಿದ್ದ. ನಮ್ಮ ಮುಂಬೈಗೂ ಬಂದರು. ಮದ್ರಾಸಿನಲ್ಲಿ ಅವನು ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಮೃದಂಗದ ಜೊತೆ ಕೂತು ಬಾರಿಸಿದ. ವಾಪಸ್ ಹೋಗಿ ಅದೇ ವರ್ಷ ಮಾಡಿದ ರೆಕಾರ್ಡಿನ 'ಕಲ್ಕತ್ತ ಬ್ಲೂಸ್' ತುಣುಕಿನಲ್ಲಿ ಕೋಲು ಪಕ್ಕಕ್ಕಿಟ್ಟು ಬೆರಳುಗಳಿಂದಲೇ ಡ್ರಮ್ಮು ನುಡಿಸಿದ್ದಾನೆ. ಟೆಡ್ ರೀಡನ 'ಸಿಂಕೊಪೇಷನ್' ಬಂದದ್ದೂ 1958ರಲ್ಲೇ. ಎರಡಕ್ಕೂ ಸಂಬಂಧವಿಲ್ಲ, ಇಸವಿ ಒಂದೇ ಅಷ್ಟೆ.

ರೀಡನ ಪುಸ್ತಕ ನೋಡಲು ಬಹಳ ಸಾಧಾರಣ. ನಡುವೆ ಪುಟ ತುಂಬ ಬರೆದ ಎಂಟು ಅಭ್ಯಾಸಗಳಿವೆ, ಡ್ರಮ್ಮರುಗಳು ಜೀವ ತೇಯುವುದು ಅಲ್ಲಿ. ಅದರ ಒಳಗುಟ್ಟು ಬಿಡಿಸಿ ತೋರಿಸಿದವರಲ್ಲಿ ಹೆಸರಾದವನು ಆಲನ್ ಡಾಸನ್. ಅವನೂ ಬಾಸ್ಟನ್ನಿನವನೇ, ಬರ್ಕ್ಲಿ ಸಂಗೀತ ಶಾಲೆಯಲ್ಲಿ 1957ರಿಂದ ಸುಮಾರು ಹದಿನೆಂಟು ವರ್ಷ ಮಾಸ್ತರು. ಬರೆದ ಸಾಲು ಒಂದೇ, ಬಾರಿಸುವ ಬಗೆ ಹತ್ತಾರು. ಬಲಗೈ ತಾಳಕ್ಕೆ, ಎಡಗಾಲು ಎಣಿಕೆಗೆ, ಬರೆದ ಸಾಲು ಎಡಗೈಗೆ. ಅದು ಕೂತ ಮೇಲೆ ಉದ್ದ ಸ್ವರ ಬಲಗಾಲಿಗೆ, ಗಿಡ್ಡ ಸ್ವರ ಎಡಗೈಗೆ. ಬಾರಿಸುತ್ತಿರುವಾಗಲೇ ಬಾಯಲ್ಲಿ ಒಂದು ಹಾಡು ಹಾಡುತ್ತಿರಬೇಕು. ಇನ್ನೊಂದು ಅವನ ನಿತ್ಯಪೂಜೆಯಂಥ ಪಾಠ: ಕಾಲುಗಳು ಬ್ರೆಜಿಲ್ ಕಡೆಯ ಬಾಸಾನೋವಾ, ಸಾಂಬಾ ಲಯವನ್ನು ನಿಲ್ಲಿಸದೆ ತಟ್ಟುತ್ತಿರುತ್ತವೆ, ಅದರ ಮೇಲೆ ಕೈಗಳು ಸೈನ್ಯದ ಅಷ್ಟೂ ರೂಡಿಮೆಂಟುಗಳನ್ನು ಒಂದಾದ ಮೇಲೊಂದು ನೆನಪಿನಿಂದ ಬಾರಿಸುತ್ತವೆ. 1740ರ ಕಾನೂನೂ 1779ರ ನಿಯಮಾವಳಿಯೂ ಒಂದೇ ಸ್ಟೂಲಿನ ಮೇಲೆ ಕೂತ ಹಾಗೆ. ಡಾಸನ್‌ನ ಶಿಷ್ಯ ಟೋನಿ ವಿಲಿಯಮ್ಸ್ 1963ರಲ್ಲಿ, ಹದಿನೇಳು ವಯಸ್ಸಿಗೆ, ಮೈಲ್ಸ್ ಡೇವಿಸ್‌ನ ತಂಡ ಸೇರಿದ. ಮೊರೆಲ್ಲೊ ಬ್ರೂಬೆಕ್‌ನನ್ನು ಬಿಟ್ಟ ಮೇಲೆ 1968ರಲ್ಲಿ ಆ ಜಾಗಕ್ಕೆ ಹೋದವನು ಸ್ವತಃ ಡಾಸನ್. ಅವನ ಇನ್ನೊಬ್ಬ ಶಿಷ್ಯ ಸ್ಟೀವ್ ಸ್ಮಿತ್ ಮುಂದೆ ನಮ್ಮ ಕೊನ್ನಕ್ಕೋಲನ್ನು ಕಲಿತು, ಬಾಯಲ್ಲಿ ಜತಿ ಹೇಳುತ್ತಾ ಡ್ರಮ್ಸ್ ಬಾರಿಸುತ್ತಾನೆ.

ನಮ್ಮ ಸರ್‌ಗೆ ಈ ಇತಿಹಾಸವೆಲ್ಲ ಒಂದು ಶನಿವಾರ ಸಂಜೆ ಉತ್ಸಾಹದಿಂದ ಹೇಳಿದೆ. ಕೇಳಿದರು, ರೈಟ್‌ನ ಕಥೆಗೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ "ಬಜಾಕೆ ದಿಖಾವ್, ಮ್ಯಾನ್" ಅಂದರು.

ನಾನೀಗ ಬಾರಿಸುತ್ತಿರುವುದು ಇದು. ಪ್ಯಾರಡಿಡಲ್ ಎಂದರೆ ಎಂಟು ಪೆಟ್ಟು: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಸೈನ್ಯದ ಪದ್ಧತಿಯಲ್ಲಿ ಜೋರು ಪೆಟ್ಟು ಒಂದಕ್ಕೆ, ಐದಕ್ಕೆ. ಕಾಲು ಸುಖವಾಗಿ ನಡೆಯುತ್ತದೆ. ಕೈಗಳ ಕ್ರಮ ಒಂದಿಷ್ಟೂ ಬದಲಿಸದೆ ಜೋರು ಪೆಟ್ಟನ್ನು 1, 4, 7ಕ್ಕೆ ಹಾಕಿ. ಮೊದಲ ಎರಡು ಒತ್ತು ಬಲಗೈಗೆ ಬರುತ್ತವೆ, ಮೂರನೆಯದು ಎಡಗೈಗೆ. ಆಶ್‌ವರ್ತನ ಕಾಲದ ಕೈ, ಕಾಂಗೊ ಸ್ಕ್ವೇರಿನ ಕಿವಿ. ಹೇಳಲು ಅರ್ಧ ನಿಮಿಷ. ನನಗೆ ಹಿಡಿದದ್ದು ಐದು ವಾರ. ಕಷ್ಟ ಕೈಯದ್ದಲ್ಲ. ನಾಲ್ಕನೇ ಪೆಟ್ಟಿಗೆ ಒತ್ತು ಬಿದ್ದ ತಕ್ಷಣ ಕೆಳಗೆ ತಟ್ಟುತ್ತಿರುವ ಎಡಗಾಲು ಹೆದರಿ ನಿಂತುಬಿಡುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಹೆದರಿದ್ದು, ಇನ್ನೂ ಬಿಟ್ಟಿಲ್ಲ. ಸರ್ ಪ್ರತಿಸಲವೂ ನನ್ನ ಮೊಣಕಾಲನ್ನು ಕೋಲಿನಿಂದ ಮೆಲ್ಲಗೆ ತಟ್ಟಿ ಒಂದೇ ಮಾತು ಹೇಳುತ್ತಾರೆ: "ಪೈರ್ ಮತ್ ರೋಕೋ."

ಕಳೆದ ಶನಿವಾರ ಮೊದಲ ಸಲ ನಿಲ್ಲಲಿಲ್ಲ. ಮೆಟ್ರೊನೋಮ್ 75ಕ್ಕೆ ಇಟ್ಟಿತ್ತು, ಸ್ಟಾಯ್ಬೆನ್ನನ ಸಾಮಾನ್ಯ ನಡಿಗೆ. ಪೂರ್ತಿ ಎರಡು ನಿಮಿಷ ಬಾರಿಸಿದೆ. ಸರ್ ಏನೂ ಅನ್ನದೆ ಗುಂಡಿ ತಿರುಗಿಸಿ 80 ಮಾಡಿದರು.